ರಸೂಲನ ಹೊತ್ತು

ಟಪ್ ಟಪ್ — ಇಲ್ಲ, ಇದು ಅದರ ದನಿಯಲ್ಲ, ದಂಡೆಗೆ ಕಟ್ಟಿದ ನಾವೆಯ ಹೊಟ್ಟೆಗೆ ಭೀಮೆಯ ನೀರು ಬಡಿಯುತ್ತಿದೆ, ಗಡಿಯಾರದ ದನಿ ಇದಕ್ಕಿಂತ ಸಣ್ಣದು, ಒಣದು, ಯಾರೋ ಮುಂದಿನ ಹಲ್ಲಿನಲ್ಲಿ ಜೋಳದ ಕಾಳು ಕಡಿದ ಹಾಗೆ, ಎದೆಯ ಮೇಲಿನ ಮಖಮಲ್ಲಿನ ಚೀಲವನ್ನು ಮುಟ್ಟಿದರೆ ಕಿವಿಗಿಂತ ಮೊದಲು ಬೆರಳಿಗೇ ತಿಳಿಯುತ್ತದೆ, ನಡೆದಿದೆ, ನಡೆದೇ ಇದೆ, ಆದರೆ ಸರಿಯಾಗಿ ನಡೆದಿಲ್ಲ, ಮುಂದೆ ಓಡುತ್ತದೆ, ಯಾಕೆ ಓಡುತ್ತದೆ, ಎಲ್ಲಿಗೆ ಇದರ ಅವಸರ, ಯಾ ಅಲ್ಲಾ, ಮನುಷ್ಯ ಮಾಡಿದ ಇಷ್ಟು ಸಣ್ಣ ಡಬ್ಬಿಯ ಒಳಗಿನದೇ ನನಗೆ ತಿಳಿಯಲೊಲ್ಲದು, ನೀನು ಮಾಡಿದ್ದು ಹೇಗೆ ತಿಳಿದೀತು. ಏನ್ರಿ ಬುರಾನಸಾಬ, ಮತ್ತ ಎದಿ ಹಿಡಕೊಂಡ್ರಿ, ಜೀವಕ್ಕ ಹೆಂಗರ ಆಗಾಕತ್ತದೇನು, ಎನ್ನುತ್ತಾನೆ ಅಂಬಿಗರ ಶಿವರಾಯ, ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವನು. ಜೀವಕ್ಕ ಏನಾಗಿಲ್ಲೋ, ಗಡಿಯಾರ ನೋಡಾಕತ್ತೇನಿ. ಇನ್ನೂ ಹುಚ್ಚ ಓಟಾನೇ ಏನ್ರಿ ಅದು. ಇನ್ನೂ ಅದೇ ಓಟ. ಹಂಗಾರ ತಂದು ನನ್ನ ನಾವಿಗಿ ಕಟ್ರಿ, ಹುಟ್ಟು ಹಾಕೂ ತ್ರಾಸು ತಪ್ಪತದ. ನಗುತ್ತಾನೆ, ನಾನೂ ನಗುತ್ತೇನೆ, ನಕ್ಕ ಮೇಲೆ ನೆನಪಾಗುತ್ತದೆ ನಗುವ ದಿನವಲ್ಲ ಇದು ಎಂದು. ಮೇಲಿನ ಕಡೆ ಮಳೆಯಾಗಿ ಹೊಳೆ ಕೆಂಪಗೆ ಬಂದಿದೆ, ಸ್ವಲ್ಪ ಇಳಿಯಲಿ, ಆಮೇಲೆ ದಾಟಿಸುತ್ತೇನೆ ಎಂದಿದ್ದಾನೆ, ಅಲ್ಲಿಯವರೆಗೆ ನಾನು ಈ ಕಲ್ಲಿನ ಮೇಲೆ, ಮುಮತಾಜ ಅಲ್ಲಿ ಬೇವಿನ ಮರದ ಕೆಳಗೆ ತನ್ನ ತಗಡಿನ ಪೆಟ್ಟಿಗೆಯ ಮೇಲೆ. ನನ್ನ ಸೊಸೆ. ಸೊಸೆ ಎನ್ನಲೇ ಇನ್ನೂ, ಮಗ ರಸೂಲ ಹೋದ ಮೇಲೆ, ಗಂಡ ಸತ್ತವಳು ಮನೆಯೊಳಗೇ ಕಳೆಯುವ ಇದ್ದತ್ತಿನ ದಿನಗಳೂ ಮುಗಿದ ಮೇಲೆ. ಆಕೆಯ ಬಟ್ಟೆ, ಆಕೆಯ ಎರಡು ಬಳೆ, ಮದುವೆಯಲ್ಲಿ ನಾನೇ ಹೊಲಿದ ಹಸಿರು ಕುರ್ತಾ ಎಲ್ಲ ಆ ಪೆಟ್ಟಿಗೆಯಲ್ಲಿದೆ, ಹೊಳೆಯಾಚೆ ಗುಲಬರ್ಗಿಯ ಗಡಿಯಾರದ ಅಂಗಡಿಯ ಮುಂದೆ ಆಕೆಯ ಅಣ್ಣ ಇಮಾಮಸಾಬ ಕಾದಿರುತ್ತಾನೆ, ಗಡಿಯಾರ ಸರಿಯಾದರೆ ಅಲ್ಲಿಂದಲೇ ಆಳಂದದ ತವರಿಗೆ ಕರೆದುಕೊಂಡು ಹೋಗುತ್ತಾನೆ, ಸರಿಯಾಗದಿದ್ದರೆ ಪೆಟ್ಟಿಗೆ ಮತ್ತೆ ನನ್ನ ಜೊತೆ ನೆಲೋಗಿಗೆ ಬರುತ್ತದೆ. ಅದು ಆಕೆಯೇ ಹಾಕಿದ ಶರತ್ತು. ನಾನು ಹಾಕಿದ್ದಲ್ಲ. ನಾನು ಹಾಕಿದ್ದಲ್ಲ ಎಂದು ಯಾರಿಗೆ ಹೇಳುತ್ತಿದ್ದೇನೆ.

ಹೊರಗೆ ಚಿನ್ನದ ಕವಚ, ಅದರ ಮೇಲೆ ಉಗುರಿಗೆ ಮಾತ್ರ ತಿಳಿಯುವಷ್ಟು ಸಣ್ಣ ಬಳ್ಳಿಯ ಕೆತ್ತನೆ, ಬೆನ್ನಿನ ಮುಚ್ಚಳ ತೆರೆದರೆ ಒಳಗೆ ಇನ್ನೊಂದು ಮುಚ್ಚಳ, ಅದನ್ನು ತೆರೆದರೆ ಚಕ್ರಗಳು, ಚಕ್ರಗಳ ತುದಿ ಕೂರುವಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಹರಳುಗಳು — ಮಾಣಿಕ ಅವು ಅಬ್ಬಾ, ಕರೇ ಮಾಣಿಕ, ಅಂದಿದ್ದ ರಸೂಲ, ನನಗೆ ನಂಬಿಕೆಯಾಗಿರಲಿಲ್ಲ, ಯಾರೂ ನೋಡದ ಜಾಗದಾಗ ಮಾಣಿಕ ಯಾಕೋ ಇಡ್ತಾರ ಎಂದಿದ್ದೆ. ತಿಕ್ಕಿ ಸವೆಯಬಾರದು ಅಂತರಿ. ಹೌದಲ್ಲ, ತೋರಿಸುವುದಕ್ಕಲ್ಲ, ಸವೆಯದಿರುವುದಕ್ಕೆ, ಅಂಥ ಜಾಗದಲ್ಲಿ ಇಟ್ಟ ಮಾಣಿಕವೇ ಮಾಣಿಕ, ಅಂದು ಇಡೀ ದಿನ ಹೊಲಿಗೆ ಮಷೀನು ತುಳಿಯುತ್ತ ಅದನ್ನೇ ಯೋಚಿಸಿದ್ದೆ. ಸ್ವಿಸ್ ದೇಶದ್ದಂತೆ, ಅಲ್ಲಿ ಹಿಮ ಬಿದ್ದು ಹೊರಗೆ ಹೋಗಲಾಗದ ದಿನಗಳಲ್ಲಿ ಮನೆಯೊಳಗೆ ಕುಳಿತು ಇಂಥವನ್ನು ಮಾಡುತ್ತಾರಂತೆ. ರಸೂಲ ಅಫಜಲಪುರದ ಕಡೆಯ ಜಾಗೀರದಾರರೊಬ್ಬರ ಮೋಟಾರು ನಡೆಸುತ್ತಿದ್ದ, ಅವರ ಬೇಗಮರಿಗೆ ಹೆರಿಗೆ ಬೇನೆ ಎದ್ದ ದಿನ, ಹಳ್ಳಗಳೆಲ್ಲ ತುಂಬಿದ ದಿನ, ಮೋಟಾರನ್ನು ಕೆಲವೆಡೆ ತಳ್ಳಿಸಿ ಕೆಲವೆಡೆ ಎತ್ತು ಕಟ್ಟಿ ಎಳೆಸಿ ದವಾಖಾನೆಗೆ ಮುಟ್ಟಿಸಿದ, ತಾಯಿ ಮಗು ಇಬ್ಬರೂ ಉಳಿದರು, ಜಾಗೀರದಾರರು ತಮ್ಮ ಕಿಸೆಯಿಂದ ಇದನ್ನು ಬಿಚ್ಚಿ ಇವನ ಕೊರಳಿಗೆ ಹಾಕಿದರಂತೆ. ಮನೆಗೆ ಬಂದವನೇ ಮುಮತಾಜಳ ಕೈಗೆ ಕೊಟ್ಟ, ಇದರ ಚಾವಿ ನೀನೇ ಕೊಡಬೇಕು, ದಿನಾ ಮುಂಜಾನಿ ಒಂದೇ ಹೊತ್ತಿಗಿ, ಒಂದೇ ಕೈ ಇರಬೇಕು, ಇಬ್ಬರ ಕೈ ಇದಕ್ಕ ಹಿಡಿಸಂಗಿಲ್ಲ ಎಂದ. ಮತ್ತ ನಿಮ್ಮ ಕೈ? ನನ್ನ ಕೈಗಿ ಮೋಟಾರ ಚಾವಿ ಸಾಕಬೇ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಹೊಸ ಮದುವೆ, ನಾನು ಕೆಮ್ಮಿ ಅಂಗಳಕ್ಕೆ ಹೋದೆ.

ಹೋದ ವರ್ಷದ ರಂಜಾನು ಮಳೆಯಲ್ಲಿ ಬಂತು, ಈ ವರ್ಷದ್ದೂ ಮಳೆಯಲ್ಲೇ ಬರುತ್ತಿದೆ, ಚಂದ್ರ ಕಾಣುವುದಕ್ಕೆ ಇನ್ನು ದಿನಗಳು ಬಹಳ ಇಲ್ಲ. ಬೇಸಿಗೆಯ ರಂಜಾನಾದರೆ ಗಡಿಯಾರ ಯಾರಿಗೆ ಬೇಕು, ಹೊತ್ತು ಮುಳುಗಿದ್ದು ಕಣ್ಣಿಗೇ ಕಾಣುತ್ತದೆ, ಮಸೂತಿಯಲ್ಲಿ ಬಾಂಗ್ ಕೊಡುವವನು ನಾನೇ, ಕಂಡ ಕೂಡಲೇ ಕೂಗುತ್ತೇನೆ, ಊರು ರೋಜಾ ಬಿಡುತ್ತದೆ. ಮಳೆಗಾಲದಲ್ಲಿ ಮಧ್ಯಾಹ್ನವೇ ಸಂಜೆಯ ಹಾಗೆ, ಸಂಜೆ ಎಲ್ಲಿ ಮುಗಿದು ಕತ್ತಲೆ ಎಲ್ಲಿ ಶುರು ಎಂದು ಯಾರಿಗೆ ಗೊತ್ತು, ಮೊದಲೆಲ್ಲ ಖಾತ್ರಿಗೆಂದು ಕಾದು ಕಾದು ತಡ ಮಾಡುತ್ತಿದ್ದೆವು, ಮಕ್ಕಳು ಖರ್ಜೂರವನ್ನು ಕೈಯಲ್ಲಿ ಹಿಡಿದು ಬೆವರಿಸುತ್ತಿದ್ದರು. ಹೋದ ವರ್ಷ ರಸೂಲ ಗಡಿಯಾರ ಹಿಡಿದು ಮಸೂತಿಯ ಕಟ್ಟೆಯ ಮೇಲೆ ನಿಂತ, ಗುಲಬರ್ಗಿ ಠೇಶನ್ನಿನ ಗಡಿಯಾರಕ್ಕೆ ಹಿಡಿದು ಸರಿ ಮಾಡಿಕೊಂಡು ಬಂದಿದ್ದ, ಹೈದರಾಬಾದಿನಿಂದ ಬರುವ ರೋಜಾ ವೇಳೆಯ ಛಾಪಾ ಕಾಗದದಲ್ಲಿ ಹೊತ್ತು ನೋಡಿದ್ದ, ನಾನು ಕಿವಿಗೆ ಕೈ ಹಚ್ಚಿ ನಿಂತಿದ್ದೇನೆ, ಅವನು ನೋಡುತ್ತಾನೆ, ನೋಡುತ್ತಾನೆ, ಹೂಂ ಅಬ್ಬಾ — ಎನ್ನುತ್ತಾನೆ. ಆ ಹೂಂ. ಮೆಲ್ಲಗೆ, ತಲೆಯನ್ನೂ ಎತ್ತದೆ. ನನ್ನ ಬಾಂಗ್ ಆ ಹೂಂನ ಬೆನ್ನಿಗೇ ಹೊರಡುತ್ತಿತ್ತು. ಊರವರು ಅದಕ್ಕೆ ರಸೂಲನ ಹೊತ್ತು ಎಂದು ಹೆಸರಿಟ್ಟರು, ಬಾಂಗ್ ಆಯಿತೇನು ಎಂದು ಕೇಳುವ ಬದಲು ರಸೂಲನ ಹೊತ್ತಾತೇನು ಎಂದು ಕೇಳುತ್ತಿದ್ದರು, ನಮ್ಮವರಷ್ಟೇ ಅಲ್ಲ, ಗೌಡರ ಮನೆಯ ಹೆಣ್ಣುಮಕ್ಕಳೂ ಆ ಹೊತ್ತಿಗೇ ದೀಪ ಹಚ್ಚುತ್ತಿದ್ದರು. ಈ ರಂಜಾನಿನಲ್ಲೂ ಹಾಗೇ ಅನ್ನಲಿ, ಮೊದಲ ಗುಟುಕು ನೀರಿನ ಜೊತೆ ಅವನ ಹೆಸರು ನಾಲಿಗೆಯ ಮೇಲೆ ಬರಲಿ, ಇಷ್ಟೇ ನಾನು ಬೇಡಿದ್ದು, ಬೇರೆ ಏನು ಬೇಡಿದೆ, ಯಾ ಅಲ್ಲಾ, ಬೇರೆ ಬೇಡಿದ್ದನ್ನು ನೀನು ಕೊಡಲಿಲ್ಲ, ಅದು ನಿನ್ನ ಮರ್ಜಿ, ನನ್ನ ತಕರಾರಿಲ್ಲ.

ರಸೂಲನಿಗೆ ಜ್ವರ. ಹಣೆಯ ಮೇಲೆ ಇಟ್ಟ ಒದ್ದೆ ಬಟ್ಟೆ ಆಗಲೇ ಒಣಗುತ್ತಿತ್ತು, ಗಡಿಯಾರ ಅವನ ಎದೆಯ ಮೇಲೇ ಇತ್ತು, ತೆಗೆಯಲು ಹೋದರೆ ಬೇಡವೆಂದು ಕೈ ಆಡಿಸಿದ, ಎದೆಯದು ನಿಂತಿತು, ಗಡಿಯಾರದ್ದು ನಿಲ್ಲಲಿಲ್ಲ, ಮರುದಿನ ಮುಂಜಾನೆ ಮುಮತಾಜ ಎದ್ದು ಅಳುತ್ತಲೇ ಚಾವಿ ಕೊಟ್ಟಳು, ದಿನದ ಹೊತ್ತಿಗೇ ಕೊಟ್ಟಳು. ಮೂರನೆಯ ದಿನದ ಫಾತಿಹಾ ಆದ ಮೇಲೆ ನಾನು ಅವನ ಶೇರವಾನಿ ಹೊಲಿದು ಉಳಿದಿದ್ದ ಕೆಂಪು ಮಖಮಲ್ಲಿನಿಂದ ಈ ಚೀಲ ಹೊಲಿದೆ, ಕಣ್ಣು ಮಂಜು, ಸೂಜಿಗೆ ದಾರ ಆಕೆಯೇ ಪೋಣಿಸಿಕೊಟ್ಟಳು, ಗಡಿಯಾರವನ್ನೂ ಕಿಬ್ಲಾನುಮಾವನ್ನೂ ಜೊತೆಗೆ ಅದರಲ್ಲಿ ಇಟ್ಟೆ. ಕಿಬ್ಲಾನುಮಾ ನನ್ನದೇ, ಅವನೇ ಬೊಂಬಾಯಿಯಿಂದ ತಂದುಕೊಟ್ಟದ್ದು, ಹಿತ್ತಾಳೆಯ ಸಣ್ಣ ಡಬ್ಬಿ, ಗಾಜಿನ ಒಳಗೆ ಮುಳ್ಳಿನ ಮೇಲೆ ಕುಳಿತ ಒಂದು ಹಕ್ಕಿ, ಎಲ್ಲಿ ಇಟ್ಟರೂ ತಿರುಗಿ ತಿರುಗಿ ಕೊನೆಗೆ ಕೊಕ್ಕನ್ನು ಕಾಬಾದ ಕಡೆಗೆ ಹಿಡಿದು ನಿಲ್ಲುತ್ತದೆ. ಪರಊರಿಗಿ ಹೋದಾಗೆಲ್ಲ ದಿಕ್ಕು ಯಾವದು ಅಂತ ಮಂದಿನ್ನ ಕೇಳ್ತೀರಿ ಅಬ್ಬಾ, ಇನ್ನ ಈ ಹಕ್ಕಿನ್ನ ಕೇಳ್ರಿ. ನಿಲ್ಲೂಕಿಂತ ಮೊದಲ ನಡಗತದ, ಅವಸರ ಮಾಡಬ್ಯಾಡ್ರಿ, ನಡಗೂದು ನಿಂತ ಮ್ಯಾಲೆ ನಿಯತ್ತು ಕಟ್ಟಿ ನಮಾಜ ಶುರು ಮಾಡ್ರಿ. ಎರಡೂ ಅವನು ಮುಟ್ಟಿದ್ದು, ಒಂದು ನಮಾಜಿನ ಹೊತ್ತು ಹೇಳುವುದು, ಒಂದು ನಮಾಜಿನ ದಿಕ್ಕು ಹೇಳುವುದು, ಇವನ್ನು ಬೇರೆ ಬೇರೆ ಇಡಲು ಮನಸ್ಸು ಬರುತ್ತದೆಯೇ, ಅಣ್ಣತಮ್ಮಂದಿರನ್ನು ಒಂದೇ ಹಾಸಿಗೆಯಲ್ಲಿ ಮಲಗಿಸಿದ ಹಾಗೆ ಇಟ್ಟು ಬಾಯಿಗೆ ಲಾಡಿ ಎಳೆದೆ.

ಆಮೇಲೆ ಓಟ ಶುರುವಾಯಿತು. ನಾನು ಮೊದಲು ನಂಬಲಿಲ್ಲ. ಮಸೂತಿಯ ಅಂಗಳದಲ್ಲಿ ನಾನು ನೆಟ್ಟ ಕೋಲಿದೆ, ಬಿಸಿಲಿದ್ದ ದಿನ ಅದರ ನೆರಳು ಕುಗ್ಗಿ ಕುಗ್ಗಿ ಮತ್ತೆ ಬೆಳೆಯಲು ಶುರುವಾಗುವ ಗಳಿಗೆ ನೋಡಿಯೇ ಮಧ್ಯಾಹ್ನದ ಬಾಂಗ್ ಕೊಡುವವನು ನಾನು, ನೆರಳು ಇನ್ನೂ ಕುಗ್ಗುತ್ತಿದೆ, ಗಡಿಯಾರ ಆಗಲೇ ಮಧ್ಯಾಹ್ನ ದಾಟಿಸಿ ಕುಳಿತಿದೆ, ಸರಿ ಮಾಡಿದೆವು, ಮರುದಿನ ಮತ್ತೆ ಮುಂದೆ. ಯಾಕೆ? ಮುಮತಾಜಳ ಕೈಯೇ ಚಾವಿ ಕೊಡುತ್ತದೆ, ಅದೇ ಹೊತ್ತು, ಅಷ್ಟೇ ಸುತ್ತು, ಅದರಲ್ಲಿ ತಪ್ಪಿಲ್ಲ. ಚೀಲದಲ್ಲಿ ಅಡ್ಡ ಮಲಗಿರುತ್ತದೆ, ಅವನ ಎದೆಯ ಮೇಲೆ ತೂಗುತ್ತಿತ್ತು, ಮಲಗಿದವನ ನಡೆ ನಿಂತವನ ನಡೆ ಒಂದೇ ಇರುತ್ತದೆಯೇ ಎಂದು ಚೀಲವನ್ನೇ ಗೋಡೆಯ ಗೂಟಕ್ಕೆ ತೂಗುಹಾಕಿದೆ, ಸ್ವಲ್ಪ ಬೇರೆಯಾದ ಹಾಗೆ ಕಂಡಿತು, ಓಟ ನಿಲ್ಲಲಿಲ್ಲ. ಆ ಗೋಡೆಯ ಆಚೆ ಒಲೆಯಿದೆ, ಕಾವಿಗೆ ಲೋಹ ಹಿಗ್ಗುತ್ತದೆ, ಇಸ್ತ್ರಿಪೆಟ್ಟಿಗೆಯ ಕದ ಬಿಸಿಯಾದಾಗ ಬಿಗಿಯುವುದನ್ನು ನಾನು ನೋಡಿಲ್ಲವೇ, ಅಲ್ಲಿಂದ ತೆಗೆದು ನೀರಿನ ಗಡಿಗೆಯ ಪಕ್ಕ ಇಟ್ಟೆ, ಆಗಲೂ ಓಟ. ತಂಪು ಬೇಡವೇನೋ, ಅವನ ಮೈಯ ಕಾವಿಗೆ ರೂಢಿಯಾದದ್ದು, ಮೈ ಬೇಕು ಇದಕ್ಕೆ ಎನ್ನಿಸಿ ಎದೆಗೆ ಕಟ್ಟಿಕೊಂಡೆ, ಚೀಲ ಸಹಿತ, ನನ್ನ ಎದೆ ಅವನ ಎದೆಯಷ್ಟು ಬಿಸಿಯಿಲ್ಲವಲ್ಲ, ಮುದುಕರ ರಕ್ತ, ಆದರೂ ಹಗಲೂ ರಾತ್ರಿಯೂ ಬಿಚ್ಚದೆ ಕಟ್ಟಿಕೊಂಡೆ, ಇನ್ನೂ ಜೋರಾಗಿ ಓಡಿತು. ನಮ್ಮದು ದರ್ಜಿಯ ಮನೆ, ಗಾಳಿಯಲ್ಲೆಲ್ಲ ಅರಳೆಯ ನವಿರು, ಅದು ಹೊಕ್ಕಿತೋ ಎಂದು ಮುಚ್ಚಳದ ಅಂಚಿಗೆ ಮೇಣ ಹಚ್ಚಿದೆ. ಮೇಣ ಹಚ್ಚಿದ್ರಿ ಅಬ್ಬಾ, ಇನ್ನ ಇದಕ್ಕ ತಾಯತಾ ಒಂದು ಕಟ್ರಿ, ಎಂದಳು ಮುಮತಾಜ, ಅವನು ಹೋದ ಮೇಲೆ ಆಕೆ ಆಡಿದ ಮೊದಲ ನಗೆಮಾತು ಅದು, ಆ ಮಾತಿಗಾಗಿ ಇನ್ನೂ ಹತ್ತು ಸಲ ಮೇಣ ಹಚ್ಚಬಹುದಿತ್ತು. ಮುಂಜಾನೆ ಚಾವಿ ಕೊಟ್ಟು, ಕಿವಿಗೆ ಹಿಡಿದು, ಇವತ್ತ ಏನಂತದರಿ ಅಬ್ಬಾ ಎನ್ನುವಳು, ನಾನು ಅಂಗಳಕ್ಕೆ ಹೋಗಿ ಕೋಲಿನ ನೆರಳು ನೋಡಿ ಬರುವೆ, ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಮುಖ ನೋಡುವಳು, ನಾನು ತಲೆ ಅಲ್ಲಾಡಿಸುವೆ, ಒಂದು ಗಡಿಯಾರದ ರೋಗ ಹಿಡಿದುಕೊಂಡು ನಾವಿಬ್ಬರೂ ಬೇಸಿಗೆ ದಾಟಿಸಿದೆವು.

ಗುಲಬರ್ಗಿಗೆ ಒಮ್ಮೆ ಒಯ್ದದ್ದೂ ಆಯಿತು. ಚಾವಿ ಒಂದೇ ಹೊತ್ತಿಗೆ ಕೊಡುತ್ತೀರೇನು, ಬಿದ್ದಿತ್ತೇನು, ಎಣ್ಣೆ ಒಣಗಿದೆಯೋ ನೋಡೋಣ, ಎಂದು ಅಂಗಡಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದೇ ಕೇಳಿದ, ಒಳ್ಳೆಯ ಮನುಷ್ಯ, ನನಗೂ ತೋರಿಸಿದ, ನಡುವೆ ಕೂದಲಿಗಿಂತ ಸಣ್ಣ ಉಕ್ಕಿನ ಸುರುಳಿ, ಅದು ಬಿಚ್ಚುತ್ತದೆ ಮುಚ್ಚುತ್ತದೆ, ಬಿಚ್ಚುತ್ತದೆ ಮುಚ್ಚುತ್ತದೆ, ಇದೇ ಇದರ ಉಸಿರು ಚಾಚಾ, ಇದರ ಸುತ್ತು ಒಂದಕ್ಕೊಂದು ಅಂಟಿದರೆ ಉಸಿರು ಗಿಡ್ಡ ಆಗ್ತದ, ಗಿಡ್ಡ ಉಸಿರಿನವ ಓಡ್ತಾನ. ಅಂಟೂದು ಯಾಕ? ಎಣ್ಣಿ ತಾಗಿದ್ರ ಅಂಟ್ತದ, ಸೂಜಿಗಲ್ಲಿನ ಸನಿಹ ಇಟ್ರೂ ಅಂಟ್ತದ, ಇಟ್ಟಿದ್ರೇನು? ತೋಬಾ, ನಮ್ಮ ಮನ್ಯಾಗ ಸೂಜಿಗಲ್ಲ ಎಲ್ಲಿಂದ ಬರಬೇಕಪ್ಪಾ. ಹೊಲಗಿ ಮಷೀನ ಅದ ಅಂದ್ರಿ, ಅದರಿಂದನೂ ದೂರ ಇಡ್ರಿ. ಆಮೇಲೆ, ಸೂಜಿಗಲ್ಲಿನ ಎಳೆತ ಹತ್ತಿದ್ರ ಬಿಡ್ತದ ಎಂದು, ತಾಮ್ರದ ತಂತಿ ಸುತ್ತಿದ ಬಳೆಯೊಂದಕ್ಕೆ ಬಿಜಲಿ ಹಚ್ಚಿ, ಗಡಿಯಾರವನ್ನು ಅದರೊಳಗೆ ತೂರಿಸಿ ಮೆಲ್ಲಗೆ ಹೊರಗೆಳೆದ, ದೃಷ್ಟಿ ತೆಗೆದ ಹಾಗೆ. ಅವನ ಹತ್ತಿರ ಇದ್ದಷ್ಟು ದಿನ ಕೂದಲೆಳೆಯಷ್ಟೂ ತಪ್ಪಲಿಲ್ಲ. ನೆಲೋಗಿಗೆ ಬಂದು ಚೀಲ ಸೇರಿದ್ದೇ ತಡ, ಮತ್ತೆ ಓಟ. ಉಸ್ಮಾನಸಾಬ, ಜಮಾತಿನ ಹಿರಿಯ, ಕಟ್ಟೆಯ ಮೇಲೆ ಎಲ್ಲರ ಮುಂದೆ ಅಂದ, ನಿನ್ನ ಚಿನ್ನದ ಗಡಿಯಾರಕ್ಕ ನೆಲೋಗಿ ನೀರು ಹಿಡಸಲಿಲ್ಲ ಬುರಾನ, ನೋಡು, ತಡಾ ಆದ್ರ ಹಸಿವಿ, ಮುಂಚಿ ಆದ್ರ ಊರ ರೋಜಾ ಮುರದ ಪಾಪ ಎಲ್ಲಾ ನಿನ್ನ ಕೊರಳಿಗಿ, ಸರಿ ಆಗದಿದ್ರ ನಾ ಒಂದು ಅಲಾರಂ ಗಡಿಯಾರ ತರಸ್ತೇನಿ, ನೀ ಅದನ್ನ ನೋಡಿ ಬಾಂಗ್ ಕೊಡು. ಅವನ ಮಾತಿನಲ್ಲಿ ಕೆಡುಕಿಲ್ಲ. ಅಂಗಡಿಯವನು ಈಗ ಹೇಳಿ ಕಳಿಸಿದ್ದಾನೆ, ತನ್ನಿ, ಆ ಸುರುಳಿಯನ್ನೇ ಬದಲಿಸಿ ಬೇರೆ ಹಾಕೋಣ ಎಂದು. ಉಸಿರನ್ನೇ ಬದಲಿಸಿದ ಮೇಲೆ ಅದು ಯಾರ ಗಡಿಯಾರ, ರಸೂಲನ ಎದೆಯ ಮೇಲೆ ಬಡಿದದ್ದು ಆ ಸುರುಳಿ, ಬೇರೆಯದು ಅವನನ್ನು ಬಲ್ಲದೇ? ಇದಕ್ಕೂ ಮುಮತಾಜಳ ಹತ್ತಿರ ಜವಾಬಿತ್ತು, ಚಿನ್ನ ಅದೇ ಇರ್ತದ, ಮಾಣಿಕ ಅದೇ ಇರ್ತಾವ, ನನ್ನ ಕೈ ಅದೇ ಇರ್ತದಲ್ಲರಿ ಎಂದಳು, ಹೇಳಿ ತನ್ನ ಕೈಯನ್ನೇ ನೋಡಿಕೊಂಡಳು, ಆ ಕೈ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಇದ್ದತ್ತು ಮುಗಿದ ದಿನವೇ ಇಮಾಮಸಾಬ ಬಂದಿದ್ದ, ಸರಸಂಬಾದಾಗ ಒಂದು ಮನಿ ನೋಡೇವ್ರಿ ಮಾಮೂ, ಹೆಣತಿ ತೀರಿಕೊಂಡಾಳ, ಎರಡು ಎತ್ತಿನ ಒಕ್ಕಲುತನ, ಹುಡುಗ ಛಲೋ ಇದ್ದಾನ, ನೀವು ಹೂಂ ಅಂದ್ರ. ನಾನು ಹೂಂ ಅನ್ನಬೇಕಾದವನು. ಹರೆಯದ ವಿಧವೆಯ ನಿಕಾಹ ಪುಣ್ಯದ ಕೆಲಸವೆಂದು ನಾನೇ ಎಷ್ಟು ಮನೆಗಳಲ್ಲಿ ಕುಳಿತು ಹೇಳಿಲ್ಲ. ಬಾಯಿ ತೆರೆಯುವುದರೊಳಗೆ ಬಾಗಿಲ ಹಿಂದಿನಿಂದ ಮುಮತಾಜಳ ದನಿ ಬಂತು, ಅವರ ಗಡಿಯಾರ ಸುಳ್ಳು ಹೇಳೂ ಹೊತ್ತಿನ್ಯಾಗ ನಾ ಬಿಟ್ಟು ಬರಂಗಿಲ್ಲಣ್ಣ, ಸರಿ ಮಾಡಿಸಿ ಅಬ್ಬಾರ ಕೈಯಾಗ ಕೊಟ್ಟು ಬರ್ತೇನಿ. ಅಂದಿನಿಂದ ನನಗೆ ಎರಡು ದುವಾ. ಒಂದು ಬಾಯಿಯಲ್ಲಿ, ಗಡಿಯಾರ ಸರಿಯಾಗಲಿ ಎಂದು. ಇನ್ನೊಂದು ಬಾಯಿಗೆ ಬಾರದ್ದು.

ಶಿವರಾಯ ನೀರಿಗೆ ನೆಟ್ಟ ಗಳ ನೋಡುತ್ತಾನೆ, ಇಳದದರಿ, ನಿಮ್ಮ ಅಲ್ಲಾನ ಕೆಲಸ ಮುಗಿಸಿಕೊಳ್ರಿ, ಆಮ್ಯಾಲೆ ಬಿಡ್ತೇನಿ ನಾವಿ. ಮಧ್ಯಾಹ್ನದ ನಮಾಜು, ಜೋಹರಿನ ಹೊತ್ತಾಗಿರಬೇಕು, ಮೋಡದ ಹಿಂದೆ ಸೂರ್ಯ ಎಲ್ಲಿದ್ದಾನೋ, ಹೊಳೆಯ ಅಂಚಿನಲ್ಲಿ ಕುಳಿತು ಕೆನ್ನೀರಿನಲ್ಲೇ ಕೈ ಮುಖ ಕಾಲು ತೊಳೆದು ವಜೂ ಮಾಡುತ್ತೇನೆ, ತೋಳು ಒರೆಸಿಕೊಂಡು ಕಲ್ಲಿನ ಮೇಲೆ ರುಮಾಲು ಹಾಸುತ್ತೇನೆ, ದಿಕ್ಕು — ದಿಕ್ಕು ನನಗೆ ಗೊತ್ತು ಇಲ್ಲಿ, ಹೊಳೆ ಬರುವ ಕಡೆ ಮೇಲಿನ ತಿರುವಿನಲ್ಲಿ ಕರಿಯ ಬಂಡೆಯಿದೆ, ಈ ದಂಡೆಯಲ್ಲಿ ಎಷ್ಟು ಸಲ ಅದಕ್ಕೆ ಮುಖ ಮಾಡಿ ನಿಂತಿದ್ದೇನೆ, ಆದರೂ ಅವನು ಕೊಟ್ಟ ಹಕ್ಕಿಯನ್ನು ಒಮ್ಮೆ ಕೇಳೋಣ, ಹೋದ ವರ್ಷ ಇದೇ ಕಲ್ಲಿನ ಮೇಲೆ ಅವನೂ ನಾನೂ ಕೂಡಿ ಕೇಳಿದ್ದೆವಲ್ಲ, ಎಂದು ಚೀಲದ ಲಾಡಿ ಸಡಿಲಿಸಿ ಎರಡನ್ನೂ ತೆಗೆಯುತ್ತೇನೆ, ಗಡಿಯಾರ ಎಡಗೈಯಲ್ಲಿ, ಕಿಬ್ಲಾನುಮಾ ಬಲಗೈಯಲ್ಲಿ. ಹಕ್ಕಿ ತಿರುಗುತ್ತದೆ, ನಡುಗುತ್ತದೆ, ನಿಲ್ಲುತ್ತದೆ. ಕೊಕ್ಕು ಬೇವಿನ ಮರಕ್ಕೆ. ಮುಮತಾಜಳ ಕಡೆಗೆ. ಇದೇನು. ಬಂಡೆ ಅಲ್ಲಿದೆ, ಕೊಕ್ಕು ಇಲ್ಲಿದೆ, ಬಂಡೆ ಸರಿಯಿತೇ, ಕಾಬಾ ಸರಿಯಿತೇ, ಅಸ್ತಗಫಿರುಲ್ಲಾ. ಡಬ್ಬಿಯನ್ನು ತಟ್ಟುತ್ತೇನೆ, ಹಕ್ಕಿ ನಡುಗಿ ಮತ್ತೆ ಅಲ್ಲಿಗೇ. ಕೆಟ್ಟಿತು, ಇದೂ ಕೆಟ್ಟಿತು, ಅವನು ಕೊಟ್ಟದ್ದೆಲ್ಲ ಒಂದೊಂದೇ ಕೆಡುತ್ತಿದೆ ಎಂದು ಎಡಗೈಯಿಂದ ಕಣ್ಣು ಒರೆಸಿಕೊಳ್ಳಲು ಹೋದೆ — ಗಡಿಯಾರ ಮೇಲೆ ಹೋಯಿತು, ಹಕ್ಕಿ ತಿರುಗಿತು.

ತಿರುಗಿತಲ್ಲ. ಕೈ ಇಳಿಸಿದೆ, ಹಕ್ಕಿ ಹಿಂದೆ ಬಂತು. ಎತ್ತಿದೆ, ಹೋಯಿತು. ಗಡಿಯಾರವನ್ನು ಈ ಬದಿಯಿಂದ ಆ ಬದಿಗೆ ಒಯ್ದೆ, ಕಾಳು ಹಿಡಿದ ಕೈಯ ಹಿಂದೆ ಕೋಳಿಮರಿ ಬರುವ ಹಾಗೆ ಕೊಕ್ಕು ಅದರ ಹಿಂದೆಯೇ, ಯಾ ಖುದಾ, ಇದು ದಿಕ್ಕು ನೋಡುತ್ತಿಲ್ಲ, ಗಡಿಯಾರವನ್ನು ನೋಡುತ್ತಿದೆ. ಸಣ್ಣ ಹುಡುಗನ ಹಾಗೆ ಮತ್ತೆ ಮತ್ತೆ ಮಾಡುತ್ತೇನೆ, ಹತ್ತಿರ, ದೂರ, ಹತ್ತಿರ, ದೂರ, ನಮಾಜಿಗೆ ಹಾಸಿದ ರುಮಾಲು ಗಾಳಿಗೆ ಮಡಚಿಕೊಳ್ಳುತ್ತಿದೆ, ನಾನು ನೋಡುತ್ತಲೇ ಇದ್ದೇನೆ, ಕುತೂಹಲ ಎಂಬುದಕ್ಕೆ ದುಃಖ ತಿಳಿಯುವುದಿಲ್ಲ. ಸೂಜಿಗಲ್ಲಿನ ಸನಿಹ ಇಟ್ಟಿದ್ರೇನು. ಹಕ್ಕಿಯ ಹೊಟ್ಟೆಯ ಕೆಳಗಿನ ಆ ಕರಿಯ ಮುಳ್ಳು, ಅದು ಏನು ಮತ್ತೆ, ದರ್ಜಿ ನಾನು, ಸೂಜಿಗಲ್ಲಿಗೆ ತಿಕ್ಕಿದ ಸೂಜಿ ಗುಂಡುಸೂಜಿಗಳನ್ನು ಎತ್ತುವುದನ್ನು ಕೆಲಸ ಕಲಿಯುವಾಗಲೇ ನೋಡಿದವನು, ಆ ಮುಳ್ಳನ್ನೂ ಎಷ್ಟೋ ಸಲ ನೋಡಿದೆ, ಆದರೆ ಅದು ಅಲ್ಲಾನ ಮನೆ ತೋರಿಸುವ ವಸ್ತು, ಕಣ್ಣಿಗೆ ಒತ್ತಿಕೊಳ್ಳುವ ವಸ್ತು, ಅದನ್ನು ಕಲ್ಲು ಎಂದು ಯಾರು ಎಣಿಸುತ್ತಾರೆ. ಗೂಟಕ್ಕೆ ತೂಗುಹಾಕಿದಾಗ ಜೊತೆಗಿತ್ತು, ಗಡಿಗೆಯ ಪಕ್ಕ ಇಟ್ಟಾಗ ಜೊತೆಗಿತ್ತು, ನನ್ನ ಎದೆಯ ಮೇಲೂ ಜೊತೆಗೇ, ಹೊಲಿಗೆ ಮಷೀನಿನಿಂದ ದೂರ ಒಯ್ದು ಇದರ ಮಗ್ಗುಲಿಗೆ ಮಲಗಿಸಿದೆ. ಮಸೂತಿಯಲ್ಲಿ ದಿಕ್ಕು ತೋರಿಸಲು ಗೋಡೆಯಿದೆ, ಊರಲ್ಲಿ ಇದ್ದಷ್ಟು ದಿನ ನಾನು ಹಕ್ಕಿಯನ್ನು ಕೇಳಲಿಲ್ಲ, ಅದು ಒಳಗೊಳಗೇ ದಿಕ್ಕು ಬಿಟ್ಟು ಇದರ ಮುಖ ನೋಡುತ್ತ ಕುಳಿತಿತ್ತು, ಇದು ಅದರ ಎಳೆತಕ್ಕೆ ಉಸಿರು ಗಿಡ್ಡವಾಗಿ ಓಡುತ್ತಿತ್ತು. ಹಾಗಾದರೆ ಸುರುಳಿ ಬದಲಿಸುವುದು ಬೇಕಿಲ್ಲ. ಅದೇ ಉಸಿರು ಇರಬಹುದು. ತಾಮ್ರದ ಬಳೆಯೊಳಗೆ ಇನ್ನೊಮ್ಮೆ ತೂರಿಸಿ ತೆಗೆದು, ಬೇರೆ ಬೇರೆ ಇಟ್ಟರೆ ಆಯಿತು, ಇಷ್ಟೇ, ಇಷ್ಟೇ ಇದರ ರೋಗ, ಸಿಕ್ಕಿತು — ಎಂದು ಮುಮತಾಜಳನ್ನು ಕೂಗಲು ಬಾಯಿ ತೆರೆದವನು ಪೆಟ್ಟಿಗೆಯನ್ನು ಕಂಡೆ. ತಗಡಿನ ಪೆಟ್ಟಿಗೆ, ಮೇಲೆ ಕುಳಿತ ಆಕೆ, ಕಾಲಬೆರಳಿನಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದಾಳೆ.

ನೋಡಿದವನು ನಾನೊಬ್ಬನೇ. ಶಿವರಾಯ ಹಗ್ಗ ಸುತ್ತುತ್ತಿದ್ದಾನೆ, ಬೆನ್ನು ಈ ಕಡೆ. ಎರಡನ್ನೂ ಚೀಲಕ್ಕೆ ಹಾಕಿ ಲಾಡಿ ಎಳೆದರೆ ಸಾಕು, ಸುಳ್ಳು ಕೂಡ ಹೇಳಬೇಕಿಲ್ಲ, ಅಂಗಡಿಯವನು ಸುರುಳಿ ಬದಲಿಸುತ್ತಾನೆ, ಮನೆಗೆ ಬಂದು ಮತ್ತೆ ಓಡುತ್ತದೆ, ಆಕೆ ಮುಂಜಾನೆ ಚಾವಿ ಕೊಟ್ಟು ಕಿವಿಗೆ ಹಿಡಿದು ಇವತ್ತ ಏನಂತದರಿ ಅಬ್ಬಾ ಎನ್ನುತ್ತಾಳೆ, ರಂಜಾನು ಹೋಗುತ್ತದೆ, ಬಕ್ರೀದು ಬರುತ್ತದೆ, ಸರಸಂಬಾದ ಒಕ್ಕಲಿಗ ಬೇರೆ ಹೆಣ್ಣು ನೋಡಿಕೊಳ್ಳುತ್ತಾನೆ, ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಇರುತ್ತದೆ. ಊರು ಉಸ್ಮಾನಸಾಬನ ಅಲಾರಂ ಗಡಿಯಾರಕ್ಕೆ ರೋಜಾ ಬಿಡುತ್ತದೆ. ಬಿಡಲಿ. ಬಿಡಲಿ ಎನ್ನುವುದಕ್ಕೆ ನಾಲಿಗೆ ಏಳುತ್ತದೆಯೇ. ಹೂಂ ಅಬ್ಬಾ — ಎಂದವನು ಕಟ್ಟೆಯ ಮೇಲೆ ತಲೆ ಬಗ್ಗಿಸಿ ನಿಂತೇ ಇದ್ದಾನೆ. ಕೈಯಲ್ಲಿ ಹಕ್ಕಿ ಇನ್ನೂ ಗಡಿಯಾರವನ್ನೇ ನೋಡುತ್ತಿದೆ, ಅದಕ್ಕೆ ಅದು ತಪ್ಪೆಂದು ಗೊತ್ತಿಲ್ಲ, ಬಿಟ್ಟರೆ ತಿರುಗುತ್ತದೆ, ಬಿಡುವವನು ಬೇಕು. ಆಕೆಯ ಹರೆಯ ಎಷ್ಟು, ಈ ಮುದುಕನ ಕೋಲಿನ ನೆರಳು ನೋಡುತ್ತ ಕುಳಿತಿದ್ದಾಳೆ. ಹಾಸಿದ ರುಮಾಲಿನ ಮುಂದೆ ನಿಂತು ಇದನ್ನು ಯೋಚಿಸುತ್ತಿದ್ದೇನೆ, ವಜೂ ಮಾಡಿದ ಕೈಯಲ್ಲಿ, 

ಮುಮತಾಜ, ಬಾ ಬೇಟಿ ಇಲ್ಲಿ, ಒಂದು ತಮಾಷಿ ನೋಡು. ಆಕೆ ಬಂದಳು, ನಾನು ಮಾಡಿ ತೋರಿಸಿದೆ, ಹತ್ತಿರ, ದೂರ, ಆಕೆಯ ಕಣ್ಣು ದೊಡ್ಡದಾಯಿತು, ಇನ್ನೊಮ್ಮಿ ಮಾಡ್ರಿ, ಇಲ್ಲಿ ಕೊಡ್ರಿ ನಾ ಮಾಡ್ತೇನಿ, ಎಂದು ತಾನೇ ಹಿಡಿದು ಮಾಡಿದಳು, ನಕ್ಕಳು, ಅಯ್ಯೋ ಇದಾ ಕಳ್ಳ, ಮನ್ಯಾಗ ಇಟ್ಟುಕೊಂಡು ಊರೆಲ್ಲಾ ಹುಡಕಿದೇವಲ್ಲರಿ, ಎಂದಳು, ಆ ನಗು ಅರ್ಧಕ್ಕೆ ನಿಂತು ಪೆಟ್ಟಿಗೆಯ ಕಡೆ ನೋಡಿದಳು, ಹಂಗಾರ ಸರಿ ಆಗತದೇನ್ರಿ ಇದು? ಆಗತದ, ಅದೇ ಸುರುಳಿ ಇಟ್ಟುಕೊಂಡೇ ಆಗತದ, ಇವೆರಡನ್ನ ಬ್ಯಾರೆ ಇಡಬೇಕು. ಎರಡೂ ಅವರವೇ ಅಲ್ಲರಿ ಅಬ್ಬಾ. ಹೌದಬೇ, ಎರಡೂ ಅವನವೇ. ನಾವೆಗೆ ನೀರು ಬಡಿಯುತ್ತಿದೆ, ಟಪ್ ಟಪ್. ಚಾವಿ ಯಾರು ಕೊಡ್ತಾರ್ರಿ ಇನ್ನ? ನಾನೇ ಕೊಡ್ತೇನಿ, ಕಲಸಿಕೊಡು, ಎಷ್ಟು ಸುತ್ತು ಅಂತ. ನಿಮ್ಮ ಕೈ ನಡಗತದಲ್ಲರಿ. ನಡಗಿದ್ರೂ ಕೊಡ್ತೇನಿ, ರಂಜಾನಿನ ಹೊತ್ತಿಗಿ ರೂಢಿ ಆಗತದ, ನೀ ಇದನ್ನ ಇಟಗೋ, ಹಕ್ಕಿನ್ನ, ಸರಸಂಬಾದಾಗ ಹೊಲಕ್ಕ ಹೋದಲ್ಲಿ ನಮಾಜಿನ ದಿಕ್ಕು ನೋಡಾಕ ಬೇಕಾಗತದ. ಸರಸಂಬಾ ಎಂದು ನಾನೇ ಅಂದೆ, ನನ್ನ ಬಾಯಿಂದಲೇ ಬಂತು ಅದು, ಹೂಂ ಅಂದ ಹಾಗೆಯೇ ಆಯಿತು. ಆಕೆ ಸೆರಗು ಚಾಚಿದಳು, ಕಿಬ್ಲಾನುಮಾ ಇಟ್ಟೆ, ಹೋಗು, ನಾವಿ ಹತ್ತಿರ ಹೋಗಿ ನೋಡು, ನಾ ಇಲ್ಲೇ ನಿಂತಿರ್ತೇನಿ ಗಡಿಯಾರ ಹಿಡಕೊಂಡು. ಸೆರಗಿನಲ್ಲಿ ಹಿತ್ತಾಳೆಯ ಡಬ್ಬಿ ಹಿಡಿದು ಹೆಜ್ಜೆ ಹೆಜ್ಜೆಗೂ ಅದನ್ನೇ ನೋಡುತ್ತ ಹೋಗುತ್ತಾಳೆ, ಸಾವಕಾಶ ತಂಗಿ, ಕಲ್ಲು ಜಾರತಾವ, ಎನ್ನುತ್ತಾನೆ ಶಿವರಾಯ, ಚೀಲ ಹಗುರಾಗಿ ಎದೆಯ ಮೇಲೆ ತೂಗುತ್ತದೆ, ಮುಷ್ಟಿಯೊಳಗೆ ಜೋಳದ ಕಾಳು ಕಡಿಯುವ ಸಪ್ಪಳ, ನಾನು ರುಮಾಲಿನ ಅಂಚಿನಲ್ಲಿ ನಿಂತಿದ್ದೇನೆ, ಕರಿಯ ಬಂಡೆಗೆ ಮುಖ ಮಾಡಿ, ತಿರಗಿತೇನು ಬೇಟಿ? ತಿರಗಾಕತ್ತದರಿ ಅಬ್ಬಾ, ಬಂಡಿ ಕಡೆ ಹೊಂಟದ, ಬಂತು, ಬಂತರಿ. ನಿಂತಿತೇನು? ಗಾಳಿ, ನೀರು, ಆಕೆಯ ಬಗ್ಗಿದ ತಲೆ, ನಿಂತಿತೇನು, ನಿಂತ ಮೇಲೆ ನಿಯತ್ತು ಕಟ್ಟುತ್ತೇನೆ, ಅವನು ಹೇಳಿದ್ದು ಹಾಗೆ, ಅವಸರ ಮಾಡಬ್ಯಾಡ್ರಿ. ಇಲ್ಲರಿ ಅಬ್ಬಾ, ಕೊಕ್ಕು ಸರಿಗೇ ಅದ, ಆದ್ರ ಇನ್ನೂ ನಡಗಾಕತ್ತದ. ನಡಗಲಿ, ಕಾಯೋಣ, ಅಷ್ಟು ದಿನ ಹಿಡಿದದ್ದು ಬಿಟ್ಟಿದೆಯಲ್ಲ, ಗಾಜಿನ ಕೆಳಗೆ ಸಣ್ಣ ಹಕ್ಕಿ, ಕೊಕ್ಕು ಕಾಬಾದ ಕಡೆಗೆ, ನಡುಗುತ್ತದೆ, ಅಲ್ಲೇ ಇದೆ, ನಡುಗುತ್ತದೆ